ಕೊಡಗಿನ ತೋಟ, ಒಡಹುಟ್ಟಿದವರ ಪಾಲು: ಗಡಿನಾಡಿನಿಂದ ಒಂದು ಉತ್ತರ

ನೀವು ಹಾವೇರಿ ಕಡೆಯವರು, ಮದುವೆಯಾದದ್ದು ವಿರಾಜಪೇಟೆ ಕಡೆಯ ಮನೆಯಿಂದ. ಮಾವ ತೀರಿಕೊಂಡಿದ್ದಾರೆ. ದೊಡ್ಡ ಭಾವ ಹಕ್ಕು ಬಿಡುಗಡೆ ಪತ್ರ, ಅಂದರೆ ಪಾಲು ಬಿಟ್ಟುಕೊಟ್ಟೆ ಅನ್ನುವ ಪತ್ರ, ಕಳಿಸಿ ತಂಗಿ, ಅಂದರೆ ನಿಮ್ಮ ಪತ್ನಿ, ಸಹಿ ಹಾಕಲಿ ಅಂತಾರೆ, ಚಿಕ್ಕ ಭಾವ ಹಾಕಲೇಬೇಡಿ ಅಂತಾರೆ. ಹನ್ನೆರಡು ಎಕರೆ ತೋಟ, ಮೂರು ಜನ ಮಕ್ಕಳು, ನಾಲ್ಕು ನಾಲ್ಕು ಎಕರೆ ಮಾಡಿಕೊಂಡರೆ ಮುಗೀತಲ್ವಾ, ಇದಕ್ಕೆ ಇಷ್ಟು ವರ್ಷ ಯಾಕೆ ಅಂತ ಕೇಳಿದ್ದೀರಿ. ಕೇರಳದ ಗಡಿಗೆ ಅಂಟಿಕೊಂಡ ಊರು ನಮ್ಮದು. ಇಂಥ ಮಾತುಕತೆಗಳನ್ನು ಜಗಲಿಯಲ್ಲಿ ಕೂತು ತುಂಬಾ ಕೇಳಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಲೆಕ್ಕ ಸರಿ ಮಾಡೋಣ. ಪಾಲು ಮೂರಲ್ಲ. ನಿಮ್ಮ ಅತ್ತೆ ಇದ್ದಾರಲ್ವಾ? ಮಾವ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿ, ವಿಲ್ ಬರೆದಿಲ್ಲ ಅಂತಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮ ಪಾಲು. ಅಂದರೆ ನಾಲ್ಕು. ಮಾವನ ತಾಯಿ ಬದುಕಿದ್ದರೆ ಐದು. ಪಿತ್ರಾರ್ಜಿತ ಆದರೆ ಲೆಕ್ಕ ಬೇರೆ, ಆದರೆ ಮಾವನ ಭಾಗದಲ್ಲಿ ಅಲ್ಲೂ ಅತ್ತೆಗೆ ಪಾಲಿದೆ. ನಮ್ಮಲ್ಲಿ ಮಕ್ಕಳು ಪಾಲಿನ ಮಾತು ಶುರು ಮಾಡಿದಾಗ ತಾಯಿ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿರುತ್ತಾರೆ, ಅವರನ್ನು ಯಾರೂ ಕರೆದು ಕೂರಿಸುವುದಿಲ್ಲ. ಇದು ನನಗೆ ಬಹಳ ನೋವು ಕೊಡುವ ವಿಷಯ. ತೋಟದ ಅರ್ಧ ಗಿಡ ಆ ಕೈ ನೆಟ್ಟಿರುತ್ತದೆ.

ಇನ್ನು ಎಕರೆ ಲೆಕ್ಕ. ಬಯಲು ಸೀಮೆಯ ಹೊಲ ಹಂಚುವ ಹಾಗೆ ಇಲ್ಲಿ ಹಗ್ಗ ಹಿಡಿದು ಹಂಚೋಕೆ ಆಗೋದಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಅಣ್ಣ ತಮ್ಮ ಇಬ್ಬರೂ ತೋಟವನ್ನು ಸಮ ಸಮ ಮಾಡಿಕೊಂಡರು. ಮೇಲಿನ ಭಾಗದಲ್ಲಿ ಮನೆ, ಕಣ, ಗೋದಾಮು, ರಸ್ತೆ. ಕೆಳಗಿನ ಭಾಗದಲ್ಲಿ ಕೆರೆ. ಪತ್ರದಲ್ಲಿ ಬರೆದದ್ದು ಎಕರೆ, ಗುಂಟೆ, ಚಕ್ಕುಬಂದಿ ಅಷ್ಟೇ. ಫೆಬ್ರವರಿ ಬಂತು. ಹೂ ಮಳೆ ಬರಲಿಲ್ಲ. ರೊಬಸ್ಟಾ ಕಾಫಿಗೆ ಆ ಹೊತ್ತಲ್ಲಿ ನೀರು ಬೀಳದಿದ್ದರೆ ಹೂ ಸರಿಯಾಗಿ ಅರಳುವುದಿಲ್ಲ, ಮುಂದಿನ ವರ್ಷದ ಫಸಲು ಅಲ್ಲೇ ಹೋಯಿತು. ಅಣ್ಣ ಸ್ಪ್ರಿಂಕ್ಲರ್ ಪೈಪು ಹೊತ್ತು ಕೆರೆಗೆ ಇಳಿದ, ತಮ್ಮ ಕೆರೆ ನನ್ನ ಭಾಗದ್ದು ಅಂದ. ಅದಕ್ಕೆ ಮೊದಲು ಡಿಸೆಂಬರಲ್ಲಿ ತಮ್ಮ ಅರೇಬಿಕಾ ಹಣ್ಣು ಒಣಗಿಸೋಕೆ ಬಂದಾಗ ಅಣ್ಣ ಕಣ ಕೊಟ್ಟಿರಲಿಲ್ಲ. ಇಬ್ಬರ ಹತ್ತಿರವೂ ನೋಂದಣಿಯಾದ ಪತ್ರ ಇತ್ತು, ಇಬ್ಬರೂ ಕಾನೂನು ಪ್ರಕಾರ ಸರಿಯೇ. ಕೊನೆಗೆ ಊರಿನ ಹಿರಿಯರೊಬ್ಬರು ಇಬ್ಬರನ್ನೂ ಕೆರೆ ಏರಿಯ ಮೇಲೇ ನಿಲ್ಲಿಸಿ, ಮೋಟಾರು ಯಾವ ದಿನ ಯಾರದು, ಕಣ ಯಾವ ವಾರ ಯಾರದು, ಕೆರೆಯ ಹೂಳು ಎತ್ತುವ ಖರ್ಚು ಯಾರದು ಅಂತ ಒಂದೊಂದಾಗಿ ಬರೆಸಿದರು. ಎಕರೆ ಹಂಚುವ ಮೊದಲೇ ಮಾಡಬೇಕಾದ ಕೆಲಸ ಅದು. ನೀರು, ದಾರಿ, ಕಣ ಈ ಮೂರರ ಹಕ್ಕು ವಿಭಾಗ ಪತ್ರದಲ್ಲೇ ಬರಬೇಕು. ಕಾರ್ಮಿಕರ ಲೈನ್ ಮನೆಗಳು ಯಾರ ಭಾಗಕ್ಕೆ, ತಂದೆ ಹೆಸರಲ್ಲಿರುವ ಬೆಳೆ ಸಾಲ ಯಾರು ತೀರಿಸೋದು, ಅದೂ ಬರಬೇಕು.

ಆದರೆ ನಿಜವಾದ ಉರಿ ಇರುವುದು ಬೇರೆ ಕಡೆ. ಊರಲ್ಲಿ ಉಳಿದವರು ಮತ್ತು ಊರು ಬಿಟ್ಟವರ ನಡುವೆ. ಕೊಡಗಿನ ಬಹಳಷ್ಟು ಮನೆಗಳಲ್ಲಿ ಒಬ್ಬ ಮಗ ತೋಟ ನೋಡಿಕೊಳ್ಳುತ್ತಾನೆ, ಉಳಿದವರು ಬೆಂಗಳೂರು, ಸೈನ್ಯ, ಇಲ್ಲ ಹೊರದೇಶ. ಕಾಫಿಗೆ ಬೆಲೆ ಇಲ್ಲದ ವರ್ಷಗಳಲ್ಲಿ ಯಾರೂ ಪಾಲು ಕೇಳಲಿಲ್ಲ. ಆಗ ಕರಿಮೆಣಸಿನ ದುಡ್ಡಲ್ಲಿ ಕಾರ್ಮಿಕರ ಸಂಬಳ ಕೊಟ್ಟು, ಕಾಂಡಕೊರಕ ಹಿಡಿದ ಗಿಡ ಕಿತ್ತು ಹೊಸದು ನೆಟ್ಟು, ರಾತ್ರಿ ಆನೆ ಬಂದರೆ ಪಟಾಕಿ ಹಿಡಿದು ನಿಂತವನು ಉಳಿದವನು. 2024ರ ಹೊತ್ತಿಗೆ ರೊಬಸ್ಟಾ ದರ ಹಿಂದೆಂದೂ ಕಾಣದಷ್ಟು ಏರಿತು ನೋಡಿ, ಆಗ ಎಲ್ಲರಿಗೂ ತೋಟ ನೆನಪಾಯಿತು. ಉಳಿದವನಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವಾದ ಸಿಟ್ಟೇ. ಹಾಗಂತ ಹೊರಗೆ ಹೋದವರದ್ದೂ ತಪ್ಪಲ್ಲ. ಅವರು ಪಾಲು ಬಿಟ್ಟು ಹೋಗಿರಲಿಲ್ಲ, ಕೆಲಸಕ್ಕೆ ಹೋಗಿದ್ದರು. ಎಷ್ಟೋ ಮನೆಗಳಲ್ಲಿ ಅವರು ಕಳಿಸಿದ ದುಡ್ಡಲ್ಲೇ ಕೊಳವೆಬಾವಿ ಕೊರೆಸಿದ್ದಾರೆ. ನಿಮ್ಮ ದೊಡ್ಡ ಭಾವ ಯಾವ ಗುಂಪಿನವರೋ ನನಗೆ ಗೊತ್ತಿಲ್ಲ, ಆದರೆ ಅವರು ಇಷ್ಟು ವರ್ಷ ತೋಟ ನೋಡಿಕೊಂಡಿದ್ದರೆ ಮೊದಲ ಮಾತೇ ಪಾಲಿನದ್ದು ಮಾಡಬೇಡಿ. ಖರ್ಚಿನ ಪುಸ್ತಕ ನೋಡೋಣ, ನೀವು ಹಾಕಿದ್ದು ಮೊದಲು ಕಳೆಯೋಣ ಅನ್ನಿ. ಕಾಯ್ದೆ ಪಾಲು ಹೇಳುತ್ತದೆ, ಹತ್ತು ಮಳೆಗಾಲ ತೋಟ ಕಾದವನ ದುಡಿಮೆಯ ಲೆಕ್ಕವನ್ನು ಮನೆಯವರೇ ಮಾಡಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ, ನಿಮ್ಮ ಪ್ರಶ್ನೆ ಇರುವುದೇ ಅಲ್ಲಿ. ಇಲ್ಲಿನ ಹಳೆಯ ಪದ್ಧತಿಯಲ್ಲಿ ಮದುವೆಯಾದ ಹುಡುಗಿ ಗಂಡನ ಒಕ್ಕಕ್ಕೆ, ಅಂದರೆ ಅವನ ಮನೆತನಕ್ಕೆ, ಸೇರುತ್ತಾಳೆ. ಕೊಡವರ ಮದುವೆಯಲ್ಲಿ ಎರಡೂ ಕಡೆಯ ಹಿರಿಯರ ಎದುರು ಆ ಸಂಬಂಧ ಒಪ್ಪಿಸುವ ಶಾಸ್ತ್ರವೇ ಇದೆ. ಹಾಗಾಗಿ ಹಳಬರಿಗೆ ಮಗಳು ಪಾಲು ಕೇಳೋದು ಅಂದರೆ ಮನೆ ಒಡೆದ ಹಾಗೆ ಅನಿಸುತ್ತದೆ. ಆದರೆ ಕಾಯ್ದೆ ಬದಲಾಗಿ ಎಷ್ಟೋ ವರ್ಷ ಆಯಿತು. 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಭಾಗವಾಗಿದ್ದರೆ ಅದನ್ನು ಈಗ ಕೆದಕಲು ಆಗೋದಿಲ್ಲ. ನಿಮ್ಮ ಮಾವನ ಕಾಲದಲ್ಲಿ ಅಂಥ ಪತ್ರ ಆಗಿದೆಯಾ ಅಂತ ಮೊದಲು ನೋಡಿ.

ಗಡಿಯ ಗೊಂದಲ ಒಂದಿದೆ. ಮಾಕುಟ್ಟ ದಾಟಿದರೆ ಕಣ್ಣೂರು, ಕುಟ್ಟ ದಾಟಿದರೆ ವಯನಾಡು. ನೆಂಟಸ್ತನ, ವ್ಯಾಪಾರ, ಆಸ್ಪತ್ರೆ ಎಲ್ಲ ಆಚೆ ಈಚೆ. ಸಲಹೆಯೂ ಆಚೆಯಿಂದ ಬರುತ್ತದೆ. ಕೇರಳದಲ್ಲಿ 1975ರ ಕಾಯ್ದೆ ಮಾಡಿ, 1976ರ ಡಿಸೆಂಬರ್ 1ರಿಂದ ಹಿಂದೂ ಕೂಡು ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿದರು. ಹಾಗಾಗಿ ಅಲ್ಲಿನ ನೆಂಟರು ತಂದೆಯ ಆಸ್ತಿಯಲ್ಲಿ ಹುಟ್ಟಿನ ಹಕ್ಕು ಅಂತ ಯಾವುದೂ ಇಲ್ಲ ಅಂದುಬಿಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಊರಲ್ಲಿ ಕೇಳಿ ಬೆಳೆದದ್ದು ಹೇಳುತ್ತಾರೆ. ಜಮೀನು ಕರ್ನಾಟಕದಲ್ಲಿದ್ದರೆ ಇಲ್ಲಿನ ವಕೀಲರನ್ನೇ ಕೇಳಿ.

ಇದಕ್ಕೆಲ್ಲ ಮೇಲೆ ಜಮ್ಮಾ. ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಪ್ರತಿಯಾಗಿ ಅರ್ಧ ಕಂದಾಯಕ್ಕೆ ಕೊಟ್ಟ ಜಮೀನು ಅದು. ಕೊಡವರಿಗಷ್ಟೇ ಅಲ್ಲ, ಅರೆಭಾಷೆ ಗೌಡರಿಗೂ ಬೇರೆ ಕೆಲವರಿಗೂ ಇದೆ. ಗದ್ದೆಗೆ ಸೊಪ್ಪು, ಸೌದೆ, ದನ ಮೇಯಿಸೋಕೆ ಅಂತ ಜೊತೆಗೆ ಬಿಟ್ಟ ಗುಡ್ಡವೇ ಬಾಣೆ, ಈಗ ಅದರಲ್ಲೇ ಕಾಫಿ ಇದೆ. ಒಬ್ಬರ ಸ್ವಂತದ್ದಾಗದೆ ಇಡೀ ಒಕ್ಕಕ್ಕೆ ಸೇರಿದ್ದು, ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿ ಇರುತ್ತದೆ. ಇಂದಿಗೂ ಎಷ್ಟೋ ಪಹಣಿಗಳಲ್ಲಿ ಎಂದೋ ತೀರಿಹೋದ ಅಜ್ಜನ ಹೆಸರೇ ಇದೆ. ನೀವು ಹನ್ನೆರಡು ಎಕರೆ ಅನ್ನುತ್ತೀರಲ್ಲ, ಅದರಲ್ಲಿ ಎಷ್ಟು ಜಮ್ಮಾ, ಎಷ್ಟು ಮಾವನೇ ಕೊಂಡದ್ದು ಅನ್ನೋದು ತಿಳಿಯದೆ ಮುಂದೆ ಹೋಗಲೇಬೇಡಿ. ಜಮ್ಮಾ ಆದರೆ ಭಾವಂದಿರಷ್ಟೇ ಅಲ್ಲ, ಮಾವನ ಅಣ್ಣ ತಮ್ಮಂದಿರ ಮಕ್ಕಳ ಒಪ್ಪಿಗೆಯೂ ಬೇಕಾಗಬಹುದು. ಒಕ್ಕದ ಮೂಲಮನೆಯಾದ ಹಳೆ ಐನ್‌ಮನೆ ಇದ್ದರೆ ಅದನ್ನು ಪಾಲಿಗೆ ತರಬೇಡಿ. ಅಲ್ಲಿ ಒಕ್ಕದ ಪೂರ್ವಜರಾದ ಗುರು ಕಾರೋಣರಿಗೆ ದೀಪ ಇಡುತ್ತಾರೆ, ಸುಗ್ಗಿಯ ಹಬ್ಬ ಪುತ್ತರಿಗೆ ಎಲ್ಲರೂ ಸೇರೋದು ಅಲ್ಲೇ. ಅದು ಎಲ್ಲರದ್ದಾಗಿಯೇ ಉಳಿಯಲಿ.

ಕೋವಿಯ ಮಾತೂ ಬರುತ್ತದೆ, ಆಶ್ಚರ್ಯಪಡಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ತಂದೆಯ ಕೋವಿ ಯಾರ ಮನೆಯಲ್ಲಿರಬೇಕು ಅನ್ನೋ ವಿಷಯಕ್ಕೆ ಮಾತು ಬಿಟ್ಟ ಅಣ್ಣ ತಮ್ಮಂದಿರಿದ್ದಾರೆ. ನಿಮಗೆ ಅದು ಹಳೆಯ ಕಬ್ಬಿಣ ಅನಿಸಬಹುದು. ಆಯುಧಗಳ ಹಬ್ಬ ಕೈಲ್‌ಪೋಳ್ದಿನಂದು ಪೂಜೆಗೆ ಅದನ್ನು ಇಡುವವರಿಗೆ ಹಾಗಲ್ಲ.

ಈಗ ನಿಮ್ಮ ಕೈಯಲ್ಲಿರುವ ಪತ್ರ. ಹಕ್ಕು ಬಿಡುಗಡೆ ಪತ್ರ ನೋಂದಣಿಯಾದರೆ ಆಮೇಲೆ ಹಿಂದಕ್ಕೆ ಪಡೆಯೋದು ಬಹಳ ಕಷ್ಟ. 'ಸುಮ್ನೆ ಖಾತೆ ಬದಲಾವಣೆಗೆ' ಅಂತ ಹೇಳಿ ಕಳಿಸಿದ್ದರೆ ಸಹಿ ಬೇಡ, ಖಾತೆಗೆ ಅದು ಬೇಕಾಗಿಲ್ಲ. ಮರಣ ಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರೆಲ್ಲರ ಹೆಸರಲ್ಲಿ ಪೌತಿ ಖಾತೆ ಮಾಡಿಸಬಹುದು, ಯಾರ ಹಕ್ಕೂ ಹೋಗುವುದಿಲ್ಲ. ವಂಶವೃಕ್ಷದಲ್ಲಿ ನಿಮ್ಮ ಪತ್ನಿಯ ಹೆಸರು ಇದೆಯಾ ಅಂತ ಕಣ್ಣಾರೆ ನೋಡಿ, ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾಡಿಸಿದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಪತ್ನಿಗೆ ನಿಜವಾಗಿಯೂ ಪಾಲು ಬೇಡ, ಅಣ್ಣನಿಗೇ ಇರಲಿ ಅನಿಸಿದರೆ ಬಿಟ್ಟುಕೊಡಲಿ, ಅದರಲ್ಲಿ ಸಣ್ಣತನ ಏನೂ ಇಲ್ಲ. ಆದರೆ ಅದು ಅವರ ತೀರ್ಮಾನ ಆಗಿರಲಿ, ನಿಮ್ಮದೂ ಅಲ್ಲ, ಭಾವಂದಿರದ್ದೂ ಅಲ್ಲ. ಬಿಡುವುದಾದರೂ ಅತ್ತೆಯ ಪಾಲು, ಅವರು ಬದುಕಿರುವವರೆಗೆ ಮನೆಯಲ್ಲಿ ಇರುವ ಹಕ್ಕು, ತಿಂಗಳ ಖರ್ಚು ಇಷ್ಟನ್ನು ಬರೆಸಿಯೇ ಸಹಿ ಹಾಕಲಿ.

ಮಾತಿಗೆ ಕೂರೋಕೆ ಕಾಫಿ ಕೊಯ್ಲಿನ ನಡುವೆ ಹೋಗಬೇಡಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾರ ತಲೆಯೂ ತಣ್ಣಗಿರೋದಿಲ್ಲ. ಏಪ್ರಿಲ್‌ನಲ್ಲಿ ಹೋಗಿ. ಮೊದಲ ದಿನ ಎಲ್ಲರೂ ಸೇರಿ, ಅತ್ತೆಯನ್ನೂ ಕರೆದುಕೊಂಡು, ತೋಟವನ್ನು ಒಮ್ಮೆ ಪೂರ್ತಿ ಸುತ್ತಿ ಬನ್ನಿ. ಒಪ್ಪಿಗೆಯಾದರೆ, ಭಾಗಗಳ ಗಡಿ ತೋರಿಸುವ 11ಇ ಸರ್ವೆ ನಕ್ಷೆಗೆ ಅರ್ಜಿ ಕೊಟ್ಟು, ಸರ್ವೆಯವರನ್ನು ಮೇ ಮುಗಿಯುವ ಮೊದಲು ಕರೆಸಿ. ಜೂನ್ ಮಳೆ ಹಿಡಿದರೆ ಆ ಇಳಿಜಾರಲ್ಲಿ ಜಿಗಣೆ, ಕೆಸರು, ಗಡಿಕಲ್ಲು ಹುಡುಕೋದು ಅಕ್ಟೋಬರ್‌ಗೆ ಹೋಗುತ್ತದೆ.