ಜರ್ಮನಿಗೆ ಹೊರಟವರ ಪರ್ಸಿನಲ್ಲಿ ಯಾವ ಕಾರ್ಡ್ ಇರಬೇಕು

ಮಂಡ್ಯದಿಂದ ಜರ್ಮನಿಗೆ ಕೆಲಸಕ್ಕೆ ಬರುತ್ತಿದ್ದೀರಿ, ಇಲ್ಲಿ ಯಾವ್ಯಾವ ಕಾರ್ಡ್ ಮಾಡಿಸಬೇಕು ಅಂತ ಕೇಳಿದ್ದೀರಿ. ಕಾರ್ಡಿಗೆ ಮುಂಚೆ ಟಪಾಲು ಡಬ್ಬಿ ನೋಡಿಕೊಳ್ಳಿ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಡಬ್ಬಿಯ ಮೇಲಿನ ಹೆಸರು ಓದಿ ಕಾಗದ ಹಾಕುತ್ತಾರೆ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಬೇರೆ ದಿನ ಇನ್ನೊಂದರಲ್ಲಿ ಬರುತ್ತದೆ. ನಿಮ್ಮ ಹೆಸರು ಅಂಟಿಸಿರದಿದ್ದರೆ ಎರಡೂ ವಾಪಸ್. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ನಮ್ಮ ಕಡೆಯವರಿಗೆ ಇನಿಶಿಯಲ್ಲೇ ದೊಡ್ಡ ತಲೆನೋವು: ಸರ್‌ನೇಮ್ ಜಾಗ ಖಾಲಿಯಿದ್ದರೆ ಒಂದೊಂದು ಕಚೇರಿ ಒಂದೊಂದು ಥರ ಬರೆದುಕೊಳ್ಳುತ್ತದೆ. ವೀಸಾಕ್ಕೆ ಇನ್ನೂ ಅರ್ಜಿ ಹಾಕಿಲ್ಲವಾದರೆ ಮೈಸೂರಿನ ಪಾಸ್‌ಪೋರ್ಟ್ ಕೇಂದ್ರದಲ್ಲೇ ಸರಿಮಾಡಿಸಿಕೊಂಡು ಬನ್ನಿ.

ಖಾತೆ ತೆರೆಯುವಾಗ 'ಜಿರೋಕಾರ್ಡ್', ಅಂದರೆ ಜರ್ಮನಿಯ ಬ್ಯಾಂಕುಗಳದ್ದೇ ಡೆಬಿಟ್ ಕಾರ್ಡ್, ಕೊಡುತ್ತೀರಾ ಅಂತ ಕೇಳಿ. ಬರೀ ಆ್ಯಪ್‌ನಲ್ಲಿ ನಡೆಯುವ ಬ್ಯಾಂಕುಗಳು ಹೆಚ್ಚಾಗಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಮಾತ್ರ ಕೊಡುತ್ತವೆ. ಬೇಕರಿಯ ಗಲ್ಲಾಪೆಟ್ಟಿಗೆ ಪಕ್ಕ 'ನುರ್ ಇಸಿ-ಕಾರ್ಟೆ' (ಇಸಿ ಕಾರ್ಡ್ ಮಾತ್ರ) ಅಂತ ಚೀಟಿ ಕಂಡರೆ ಅಲ್ಲಿ ನಡೆಯುವ ಕಾರ್ಡ್ ಜಿರೋಕಾರ್ಡ್ ಒಂದೇ. ಇಸಿ ಅದರ ಹಳೇ ಹೆಸರು. ಕಾರು ಬಾಡಿಗೆಗೆ ಮಾತ್ರ ಎಷ್ಟೋ ಕಡೆ ನಿಜವಾದ ಕ್ರೆಡಿಟ್ ಕಾರ್ಡೇ ಬೇಕು, ಠೇವಣಿ ಹಿಡಿದಿಟ್ಟುಕೊಳ್ಳುತ್ತಾರಲ್ಲ. ಯುಪಿಐ ರೂಢಿಯಾದವರಿಗೆ ಬೇಜಾರೇ, ಆದರೂ ಜೇಬಿನಲ್ಲಿ 50 ಯೂರೋ ನಗದಿರಲಿ.

ಕಾರ್ಡ್ ಕಳೆದರೆ ತಕ್ಷಣ 116 116ಕ್ಕೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ಅಷ್ಟಕ್ಕೇ ಸುಮ್ಮನಾಗಬೇಡಿ. ಕೆಲವು ಅಂಗಡಿಗಳಲ್ಲಿ ಪಿನ್ ಇಲ್ಲದೆ ಬರೀ ಸಹಿಗೂ ಜಿರೋಕಾರ್ಡ್ ನಡೆಯುತ್ತದೆ, ಬ್ಯಾಂಕಿನ ಬ್ಲಾಕ್ ಅದನ್ನು ತಡೆಯುವುದಿಲ್ಲ. ಪೊಲೀಸ್ ಠಾಣೆಗೆ ಹೋಗಿ 'ಕೂನೋ' ಪಟ್ಟಿಗೆ, ಅಂದರೆ ಸಹಿಯ ಮೇಲೆ ಕಾರ್ಡ್ ನಡೆಯದಂತೆ ಅಂಗಡಿಗಳಿಗೆ ತಿಳಿಸುವ ಪಟ್ಟಿಗೆ, ಸೇರಿಸಿ ಅನ್ನಬೇಕು.

ಆರೋಗ್ಯ ವಿಮೆ ಕಾರ್ಡಿಗೆ ಫೋಟೋ ಕಳಿಸಬೇಕು. ಪ್ರತಿ ಮೂರು ತಿಂಗಳ ಅವಧಿಯಲ್ಲಿ ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ ಅದನ್ನು ಓದಿಸುತ್ತಾರೆ. ಕಾರ್ಡ್ ಬರುವ ತನಕ ವಿಮೆಯವರಿಂದ 'ಎರ್ಜಾಟ್ಸ್‌ಬೆಶೈನಿಗುಂಗ್', ಅಂದರೆ ಬದಲಿ ಪತ್ರ, ತರಿಸಿಕೊಳ್ಳಿ.

ನಿಮ್ಮ ಕೆಎ-11 ಡಿಎಲ್ ಇಲ್ಲಿ ನೆಲೆಸಿದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ. ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಮೂಲ ಡಿಎಲ್ ಜೊತೆಗೇ ಇಟ್ಟುಕೊಳ್ಳಿ. 6 ತಿಂಗಳಾದ ಮೇಲೂ ಓಡಿಸಬೇಕಾದರೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಹೊಸದಾಗಿ ಕೊಡಬೇಕು.

ಊರಿನ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆ ಆಫ್ ಇದ್ದರೆ ಹೊರಡುವ ಮುಂಚೆ ಆನ್ ಮಾಡಿ. ಒಟಿಪಿ ಬರುವ ಸಿಮ್ ಸಾಯಲು ಬಿಡಬೇಡಿ, ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುವ ಹಾಗಿರಲಿ.

ಓಡಾಟಕ್ಕೆ ಇಡೀ ದೇಶದಲ್ಲಿ ನಡೆಯುವ ಡಾಯಿಚ್‌ಲಾಂಡ್‌ಟಿಕೆಟ್ ಸಾಕು: ಊರೊಳಗಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲಕ್ಕೂ ಆಗುತ್ತದೆ, ದೂರದೂರಿಗೆ ಹೋಗುವ ವೇಗದ ಐಸಿಇ ರೈಲಿಗೆ ಆಗುವುದಿಲ್ಲ. ಅದು ತಿಂಗಳ ಚಂದಾ. ಬೇಡವಾದರೆ 10ನೇ ತಾರೀಖಿನೊಳಗೆ ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.