ಓದುಗರ ಪ್ರಶ್ನೆ: ವೈರಸ್‌ನ ಬರಹ ಕೆಡಿಸುವ ಕಿಣ್ವ

ಪ್ರಶ್ನೆ: ನಾವು ರೇಷ್ಮೆ ಸಾಕುವವರು. ಹೋದ ಬೆಳೆಯಲ್ಲಿ ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಹಾಲು ತೊಂಡೆ ಅನ್ನುವ ವೈರಸ್ ರೋಗ ಬಂದು, ಅರ್ಧಕ್ಕರ್ಧ ಹುಳುವನ್ನು ತಿಪ್ಪೆಗೆ ಸುರಿದೆವು. ಮನುಷ್ಯರ ಮೈಯಲ್ಲಿ ವೈರಸ್‌ನ ಡಿಎನ್‌ಎಯನ್ನೇ ಎಡಿಟ್ ಮಾಡುವ ಕಿಣ್ವ ಇದೆ ಅಂತ ಪಿಯುಸಿ ಓದುವ ಮಗಳು ಹೇಳುತ್ತಾಳೆ. ನಿಜವಾ? ನಮ್ಮ ಹುಳುವಿಗೆ ಯಾಕಿಲ್ಲ?
– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಉತ್ತರ: ಮಗಳು ಹೇಳಿದ್ದು ನಿಜ. ಆದರೆ ಎಡಿಟ್ ಅಂದ ಕೂಡಲೇ ತಪ್ಪು ತಿದ್ದುವ ಕೆಲಸ ಅಂದುಕೊಳ್ಳುತ್ತೇವೆ ಅಲ್ವಾ, ಇಲ್ಲಿ ನಡೆಯುವುದು ಬೇಕಂತಲೇ ಕೆಡಿಸುವ ಕೆಲಸ.

ಈ ಕಿಣ್ವಗಳ ಕುಟುಂಬದ ಹೆಸರು ಅಪೊಬೆಕ್-3. ನಮ್ಮಲ್ಲಿ ಏಳು ಇವೆ, ಇಲಿಗೆ ಒಂದೇ. ಹೆಚ್ಚು ಗೊತ್ತಿರುವುದು ಅಪೊಬೆಕ್-3ಜಿ. ಆ್ಯನ್ ಶೀಹಿ, ಮೈಕೆಲ್ ಮಲಿಮ್ ಅವರ ತಂಡ 2002ರಲ್ಲಿ ಇದು ಎಚ್‌ಐವಿಯನ್ನು ತಡೆಯುತ್ತದೆ ಅಂತ ತೋರಿಸಿತು. ಎಚ್‌ಐವಿಯ ಬರಹ ಇರುವುದು ಡಿಎನ್‌ಎಯಲ್ಲಲ್ಲ, ಅದರ ನೆಂಟ ಆರ್‌ಎನ್‌ಎಯಲ್ಲಿ. ನಮ್ಮ ಜೀವಕೋಶದೊಳಗೆ ಬಂದು ಅದನ್ನು ಡಿಎನ್‌ಎಗೆ ನಕಲು ಮಾಡಿಕೊಳ್ಳಬೇಕು, ಆ ನಕಲು ಇನ್ನೂ ಒಂಟಿ ಎಳೆಯಾಗಿ ಇರುವ ಹೊತ್ತಿನಲ್ಲೇ ಈ ಕಿಣ್ವ ಕೈಹಾಕಿ 'ಸಿ' ಅಕ್ಷರ ಇದ್ದಲ್ಲಿ 'ಯು' ಮಾಡಿಬಿಡುತ್ತದೆ. ಎದುರಿನ ಎಳೆ ಬರೆಯುವಾಗ 'ಜಿ' ಬರಬೇಕಾದಲ್ಲಿ 'ಎ' ಬೀಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕ್ರಯಪತ್ರ ಟೈಪ್ ಮಾಡಿಸುವಾಗ ಸರ್ವೆ ನಂಬರಿನ 1 ಇದ್ದಲ್ಲೆಲ್ಲ 7 ಬಿದ್ದರೆ ಆ ಪತ್ರ ಯಾವ ಕೆಲಸಕ್ಕೆ ಬಂದೀತು? ಇಲ್ಲೂ ಹಾಗೇ. 'ಟಿಜಿಜಿ' ಅನ್ನುವ ಮೂರಕ್ಷರ 'ಟಿಎಜಿ' ಆದರೆ ಪ್ರೋಟೀನ್ ಕಟ್ಟುವ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ಟಿಎಜಿ ಅಂದರೆ ಪೂರ್ಣವಿರಾಮ.

ಇನ್ನೂ ಮಜಾ ಇರುವುದು ಸಮಯದಲ್ಲಿ. ಸೋಂಕು ತಗುಲಿದ ಜೀವಕೋಶದಿಂದ ಹೊಸ ವೈರಸ್ ಹೊರಡುವಾಗ ಈ ಕಿಣ್ವ ಅದರೊಳಗೇ ಸೇರಿಕೊಂಡು ಹೋಗುತ್ತದೆ. ಕೆಡಿಸುವುದು ಮುಂದಿನ ಜೀವಕೋಶದಲ್ಲಿ. ಕಳ್ಳನ ಬುತ್ತಿಯಲ್ಲೇ ಕೂತು ಹೋದ ಹಾಗೆ.

ಹಾಗಾದರೆ ಎಚ್‌ಐವಿ ಬರಲೇಬಾರದಿತ್ತಲ್ಲ? ವೈರಸ್ ಸುಮ್ನೆ ಕೂತಿಲ್ಲ. ವಿಫ್ ಅನ್ನುವ ಒಂದು ಪ್ರೋಟೀನ್ ಇಟ್ಟುಕೊಂಡಿದೆ. ಅದು ನಮ್ಮ ಕಿಣ್ವಕ್ಕೆ 'ಇದು ಕಸ' ಅಂತ ಗುರುತು ಹಾಕಿಸುತ್ತದೆ, ನಮ್ಮದೇ ಜೀವಕೋಶದ ಕಸ ಒಡೆಯುವ ಯಂತ್ರ ಅದನ್ನು ಚೂರು ಮಾಡುತ್ತದೆ. ನಮ್ಮ ಕೈಯಿಂದಲೇ ನಮ್ಮ ಕಣ್ಣಿಗೆ ಚುಚ್ಚಿಸುವ ಕೆಲಸ!

ಇನ್ನು ನಿಮ್ಮ ಹುಳು. ಅಪೊಬೆಕ್-3 ಇರುವುದು ಸಸ್ತನಿಗಳಲ್ಲಿ, ಕೀಟಗಳಲ್ಲಿ ಇಲ್ಲ. ವೈರಸ್‌ನ ಆರ್‌ಎನ್‌ಎಯನ್ನು ತುಂಡು ತುಂಡು ಮಾಡುವ ಬೇರೆ ದಾರಿ ಹುಳುವಿಗೆ ಇದೆ, ಹಾಲು ತೊಂಡೆ ಜೋರಾದಾಗ ಮಾತ್ರ ಅದು ಸಾಲುವುದಿಲ್ಲ. ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ: ಸತ್ತ ಹುಳುವನ್ನು ತಿಪ್ಪೆಗೆ ಹಾಕಬೇಡಿ. ಆ ಹಾಲಿನಂಥ ರಸದಲ್ಲಿ ವೈರಸ್ ಗಟ್ಟಿ ಹರಳಿನೊಳಗೆ ಕೂತಿರುತ್ತದೆ, ಬೇಗ ಸಾಯುವುದಿಲ್ಲ, ಅದೇ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ ಹೋದರೆ ಸೊಪ್ಪಿನ ಜೊತೆ ಮತ್ತೆ ಹುಳು ಮನೆಗೇ ಬರಬಹುದು. ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಆಳವಾಗಿ ಹೂಳಿ. ತಟ್ಟೆ, ಚಂದ್ರಿಕೆ (ಹುಳು ಗೂಡು ಕಟ್ಟುವ ಸಾಧನ) ಎಲ್ಲ ತೊಳೆದು ಶುದ್ಧ ಮಾಡಿಯೇ ಮುಂದಿನ ಮೊಟ್ಟೆ ತನ್ನಿ.

ಪ್ರಶ್ನೆ: ಈ ಕಿಣ್ವವನ್ನೇ ಮಾತ್ರೆ ಮಾಡಿ ಕೊಟ್ಟರೆ ಎಚ್‌ಐವಿ ಔಷಧಿ ನಿಲ್ಲಿಸಬಹುದಾ? ವಾರ್ಡಿನಲ್ಲಿ ಒಬ್ಬರು ಕೇಳಿದರು, ನನಗೆ ಉತ್ತರ ಗೊತ್ತಿರಲಿಲ್ಲ.
– ನರ್ಸಿಂಗ್ ವಿದ್ಯಾರ್ಥಿನಿ, ಕೋಲಾರ

ಉತ್ತರ: ಆಗುವುದಿಲ್ಲ. ಇದು ಪ್ರೋಟೀನ್, ನುಂಗಿದರೆ ಬೇಳೆ ಸಾರಿನ ಹಾಗೆ ಜೀರ್ಣ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಈ ಕುಟುಂಬದ ಕೆಲವಕ್ಕೆ ವೈರಸ್ ಯಾವುದು ನಮ್ಮದು ಯಾವುದು ಅನ್ನುವ ವಿವೇಕ ಕಡಿಮೆ. ಸ್ತನ, ಮೂತ್ರಕೋಶ, ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಅಪೊಬೆಕ್-3 ಮಾಡಿದ ಅಕ್ಷರದೋಷಗಳ ಗುರುತು ಸಿಕ್ಕಿದೆ. ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವ ಹಾಗಿಲ್ಲ.

ಇದರ ಹತ್ತಿರದ ನೆಂಟ ಎಐಡಿ ಅನ್ನುವ ಕಿಣ್ವ, ಜಪಾನಿನ ತಸುಕು ಹೊಂಜೊ ತಂಡ 1999ರಲ್ಲಿ ಕಂಡುಹಿಡಿದದ್ದು, ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ಅನ್ನುವ ಪ್ರೋಟೀನ್ ಮಾಡುವ ನಮ್ಮ ಬಿ ಕೋಶಗಳ ಡಿಎನ್‌ಎಯಲ್ಲೇ ಇಂಥ ಬದಲಾವಣೆ ಮಾಡಿ ಆ ಪ್ರತಿಕಾಯಗಳನ್ನು ಇನ್ನಷ್ಟು ಚೂಪು ಮಾಡುತ್ತದೆ. ಲಸಿಕೆ ಹಾಕಿದಾಗಲೂ ಈ ಕೆಲಸ ನಡೆಯುತ್ತದೆ. ಪರೀಕ್ಷೆಗೆ ಬಂದರೂ ಬರಬಹುದು, ನೆನಪಿಟ್ಟುಕೊಳ್ಳಿ.

ಕೇಳಿದವರಿಗೆ ಹೇಳಿ: ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ಒಂದು ದಿನವೂ ಬಿಡಬಾರದು. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಅದು ಉಚಿತ.