ಎರೆಮಣ್ಣಿನ ಮೇಲೆ ರಸ್ತೆ ಮಾಡಲು ಜಿಯೋಟೆಕ್ಸ್‌ಟೈಲ್ ಸಾಕೇ, ಜಿಯೋಗ್ರಿಡ್ಡೂ ಬೇಕೇ?

ಎರಡೂ ಪ್ಲಾಸ್ಟಿಕ್ಕೇ, ಆದರೆ ಮಾಡುವ ಕೆಲಸ ಬೇರೆ. ಜಿಯೋಟೆಕ್ಸ್‌ಟೈಲ್ ಬಟ್ಟೆಯಂಥದ್ದು, ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಮೆತ್ತಗಾದ ಎರೆ ಜಲ್ಲಿಯ ಸಂದಿಗೆ ನುಗ್ಗುತ್ತದೆ, ಜಲ್ಲಿ ಕೆಳಗೆ ಹೂತುಹೋಗುತ್ತದೆ. ಜಿಯೋಗ್ರಿಡ್ ಬಲೆ. ಜಲ್ಲಿ ಅದರ ಕಣ್ಣುಗಳಲ್ಲಿ ಕಚ್ಚಿಕೊಂಡು ಪಕ್ಕಕ್ಕೆ ಸರಿಯದೆ ನಿಲ್ಲುತ್ತದೆ. ಕಣ್ಣಿಗಿಂತ ತೀರಾ ದೊಡ್ಡ ಕಲ್ಲು ಹಾಕಿದರೆ ಕಚ್ಚುವುದೇ ಇಲ್ಲ, ದುಡ್ಡು ದಂಡ.

ಮಣ್ಣನ್ನು ನೆನೆಸಿ ಅಳೆದ ಸಿಬಿಆರ್ (ಮಣ್ಣು ಎಷ್ಟು ಭಾರ ತಾಳುತ್ತದೆ ಎಂಬ ಅಳತೆ) ಶೇ. 3ಕ್ಕಿಂತ ಕಡಿಮೆಯಿದ್ದರೆ ಕೆಳಗೆ ಬಟ್ಟೆ, ಮೇಲೆ ಬಲೆ, ಎರಡೂ ಇರಲಿ. ರಸ್ತೆಗೆ ಎರಡೂ ದಿಕ್ಕಿನಲ್ಲಿ ಬಲವಿರುವ ಗ್ರಿಡ್ ಬೇಕು. ಒಂದೇ ದಿಕ್ಕಿನದು ತಡೆಗೋಡೆಗೆ.

ಹಾಸುವಾಗ ಸುಕ್ಕಿಲ್ಲದಂತೆ ಎಳೆದು ಗೂಟ ಹೊಡೆಯಿರಿ. ಗಟ್ಟಿ ನೆಲದಲ್ಲಿ ಅಂಚಿನ ಮೇಲೆ ಅಂಚು 30 ಸೆಂ.ಮೀ., ಮೆತ್ತನೆಯದರಲ್ಲಿ 60 ಸೆಂ.ಮೀ.ಗಿಂತ ಹೆಚ್ಚೇ ಇರಲಿ. ಹೆಚ್ಚಿನ ಕಡೆ ಕೆಡುವುದು ಇದರ ನಂತರ: ಟಿಪ್ಪರ್ ನೇರವಾಗಿ ಬಲೆಯ ಮೇಲೇ ಓಡಿ ಅದನ್ನು ಹರಿಯುತ್ತದೆ. ಜಲ್ಲಿಯನ್ನು ಒಂದು ತುದಿಯಿಂದ ಸುರಿದು, ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಕನಿಷ್ಠ 15 ಸೆಂ.ಮೀ. ಪದರ ಬೀಳುವ ತನಕ ಯಾವ ಗಾಡಿಯನ್ನೂ ಹತ್ತಿಸಬೇಡಿ. ಬಿಸಿಲಿನಲ್ಲಿ ವಾರಗಟ್ಟಲೆ ಬಿಟ್ಟರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಬಟ್ಟೆ, ಬಲೆ ಸತ್ವ ಕಳೆದುಕೊಳ್ಳುತ್ತವೆ. ಸುಣ್ಣ ಬೆರೆಸಿದ ಮಣ್ಣಿದ್ದರೆ ಪಾಲಿಯೆಸ್ಟರ್‌ನದು ಬೇಡ, ಕ್ಷಾರ ಅದನ್ನು ತಿನ್ನುತ್ತದೆ.

ಆದರೆ ಎರೆ ಉಬ್ಬುವುದನ್ನು ಇವೆರಡೂ ನಿಲ್ಲಿಸುವುದಿಲ್ಲ. ಅದಕ್ಕೆ ನೀರು ನಿಲ್ಲದಂತೆ ಪಕ್ಕದಲ್ಲಿ ಚರಂಡಿ ಬೇಕೇ ಬೇಕು. ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಈ ಚರಂಡಿಗೇ.